ವಿಂಡ್‌ಶೀಲ್ಡಿನ ಚಕ್ಕೆ: ರಿಪೇರಿ ಮಾಡಿಸಿದ ನನ್ನ ಅನುಭವ

ಚಕ್ಕೆ ಎದ್ದ ವಿಂಡ್‌ಶೀಲ್ಡಿಗೆ ರಿಪೇರಿ ಮಾಡಿಸುವುದು ದುಡ್ಡು ದಂಡ ಎನ್ನುವವರೇ ನನ್ನ ಸುತ್ತ ಹೆಚ್ಚು. ತುಮಕೂರು ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಜಲ್ಲಿ ಲಾರಿಯಿಂದ ಸಿಡಿದ ಕಲ್ಲೊಂದು ನನ್ನ ಕಾರಿನ ಗಾಜಿನ ಎಡಬದಿಯಲ್ಲಿ ಕಡಲೆಬೇಳೆಯಷ್ಟು ಚಕ್ಕೆ ಎಬ್ಬಿಸಿ, ಸುತ್ತಲೂ ಸಣ್ಣ ಬಿರುಕುಗಳನ್ನು ಉಳಿಸಿದಾಗ, ಅದು ರಿಪೇರಿಗೆ ಒಗ್ಗುವ ಪೆಟ್ಟೇ ಎಂಬುದನ್ನು ಮೊದಲು ಪರೀಕ್ಷಿಸಿದೆ.

ಮುಂದಿನ ಗಾಜು ಒಂದೇ ಹಲಗೆಯಲ್ಲ. ಎರಡು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಪದರವಿಟ್ಟು ಬೆಸೆದಿರುತ್ತಾರೆ. ಹೊರಗಿನ ಗಾಜಿಗಷ್ಟೇ ಪೆಟ್ಟಾಗಿದ್ದರೆ ರಿಪೇರಿ ಸಾಧ್ಯ. ಒಳಬದಿಯಲ್ಲಿ ಬೆರಳಾಡಿಸಿದಾಗ ನುಣುಪಾಗಿಯೇ ಇತ್ತು. (ಬಾಗಿಲಿನ ಟಫನ್ಡ್ ಗಾಜಿಗೆ ಈ ಭಾಗ್ಯವಿಲ್ಲ; ಅದು ಒಡೆದರೆ ಚೂರುಚೂರೇ.)

ಬಿರುಕಿನೊಳಗೆ ನೀರು, ದೂಳು ಸೇರಿದರೆ, ರಿಪೇರಿಗೆ ತುಂಬುವ ರೆಸಿನ್ ಎಂಬ ಅಂಟುದ್ರವ ಸರಿಯಾಗಿ ಇಳಿಯುವುದಿಲ್ಲವಾದ್ದರಿಂದ ಕೂಡಲೇ ಪಾರದರ್ಶಕ ಟೇಪ್ ಅಂಟಿಸಿ, ವಾಟರ್ ವಾಶ್ ಮುಂದೂಡಿದೆ. ಬಿಸಿಲಿನಲ್ಲಿ ಕಾದ ಗಾಜಿಗೆ ಎ.ಸಿ.ಯ ತಣ್ಣನೆಯ ಗಾಳಿ ನೇರವಾಗಿ ತಗುಲಿದರೆ ಬಿರುಕು ಉದ್ದಕ್ಕೆ ಓಡಬಹುದೆಂದು ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿಕೊಂಡೆ. ‘ಫೆವಿಕ್ವಿಕ್ ಹಾಕಿಬಿಡಿ ಸಾರ್’ ಎಂಬ ಸಲಹೆಯೂ ಬಂದಿತ್ತು. ಅದು ಒಳಗೆ ಗಟ್ಟಿಯಾದರೆ ರೆಸಿನ್ನಿಗೆ ಜಾಗವೇ ಉಳಿಯದು.

ಗಾಜಿನ ಕೆಲಸದವರು ಚಕ್ಕೆಯ ಮೇಲೆ ಚಿಕ್ಕದೊಂದು ಸಾಧನವನ್ನು ಕೂರಿಸಿ, ಮೊದಲು ಬಿರುಕಿನೊಳಗಿನ ಗಾಳಿಯನ್ನು ಹೊರಗೆಳೆದು, ಬಳಿಕ ಒತ್ತಡ ಕೊಟ್ಟು ರೆಸಿನ್ ತುಂಬಿ, ನೇರಳಾತೀತ ದೀಪ ಹಿಡಿದು ಗಟ್ಟಿಮಾಡಿ, ಹೆಚ್ಚಾದದ್ದನ್ನು ಬ್ಲೇಡಿನಿಂದ ಕೆರೆದು ಪಾಲಿಶ್ ಮಾಡಿದರು. ರೆಸಿನ್ನಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಗಾಜಿನದಕ್ಕೆ ಹತ್ತಿರವಿರುವುದರಿಂದ ಬಿರುಕುಗಳು ಬಹುಮಟ್ಟಿಗೆ ಕಾಣದಾದವು, ಆದರೆ ಪೆಟ್ಟು ಬಿದ್ದ ಜಾಗದಲ್ಲಿ ಚುಕ್ಕಿ ಉಳಿಯಿತು. ಬಿರುಕು ಬೆಳೆಯದಂತೆ ತಡೆಯುವುದಷ್ಟೇ ಈ ರಿಪೇರಿಯ ಉದ್ದೇಶ. ಕಲೆಯೇ ಇರಕೂಡದೆನ್ನುವವರಿಗೆ ನಿರಾಸೆ ಖಂಡಿತ. ಇದೇ ಪೆಟ್ಟು ಚಾಲಕನ ಕಣ್ಣಿನ ನೇರಕ್ಕೆ ಬಿದ್ದಿದ್ದರೆ, ರಾತ್ರಿ ಎದುರಿನ ಹೆಡ್‌ಲೈಟಿನ ಬೆಳಕು ಆ ಕಲೆಯಲ್ಲಿ ಚದುರುವುದರಿಂದ, ನಾನು ಗಾಜನ್ನೇ ಬದಲಿಸುತ್ತಿದ್ದೆ. ಬಿರುಕು ಗಾಜಿನ ಅಂಚನ್ನು ಮುಟ್ಟಿದ್ದರೂ ಅಷ್ಟೇ.

‘ಇನ್ಶೂರೆನ್ಸ್ ಇದೆಯಲ್ಲ, ಹೊಸದನ್ನೇ ಹಾಕಿಸಿ’ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಭಾಗ ಹಳೆಯದಾಯಿತೆಂದು ಕ್ಲೈಮ್ ಹಣದಲ್ಲಿ ಮಾಡುವ ಸವಕಳಿ ಕಡಿತ ಗಾಜಿಗೆ ಇಲ್ಲವೆಂಬುದು ನಿಜ. ಆದರೆ 1500 ಸಿ.ಸಿ.ವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲೂ 1000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದಲೇ ಹೋಗುತ್ತದೆ. ನನ್ನ ರಿಪೇರಿ ಅದಕ್ಕಿಂತ ಕಡಿಮೆಯಲ್ಲಿ ಮುಗಿದಿತ್ತು. ಅದಲ್ಲದೆ, ಅದನ್ನು ಉಳಿಸಿಕೊಳ್ಳುವ ಪ್ರತ್ಯೇಕ ರಕ್ಷಣೆಯನ್ನು ಪಾಲಿಸಿಯೊಂದಿಗೆ ಕೊಂಡಿರದಿದ್ದರೆ ನೋ ಕ್ಲೈಮ್ ಬೋನಸ್ಸೂ ಕೈಬಿಡುತ್ತದೆ. ಸತತ 5 ವರ್ಷ ಕ್ಲೈಮ್ ಮಾಡದವರಿಗೆ ಅದು ಸ್ವಂತ ವಾಹನದ ಹಾನಿಗೆ ಕಟ್ಟುವ ಪ್ರೀಮಿಯಮ್ಮಿನಲ್ಲಿ ಶೇ. 50ರಷ್ಟು ರಿಯಾಯಿತಿ. ಗಾಜು ಬದಲಾದರೆ ಹಳೆಯ ಫಾಸ್ಟ್ಯಾಗ್ ಅದರೊಂದಿಗೇ ಹೋಗುವುದರಿಂದ ಹೊಸದನ್ನು ಪಡೆಯಬೇಕು, ಗಾಜಿನ ಹಿಂದೆ ಚಾಲನೆಗೆ ನೆರವಾಗುವ ಕ್ಯಾಮೆರಾ ಇರುವ ಕಾರುಗಳಲ್ಲಿ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸುವ, ಅಂದರೆ ಅದರ ನೋಟವನ್ನು ಸರಿಯಾಗಿ ಹೊಂದಿಸುವ, ಖರ್ಚೂ ಸೇರುತ್ತದೆ.