ದುಡಿದವರ ಕೂಲಿ ಕೈಸೇರುವವರೆಗೆ: ಕಾನೂನು ನೆರವು ಕೇಂದ್ರವನ್ನು ನಡೆಸುವುದು ಹೇಗೆ?

ಕಟ್ಟಡದಲ್ಲಿ ಗಾರೆ ಹೊರುವವರು, ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರು, ಪರರ ಮನೆಯ ಪಾತ್ರೆ ತೊಳೆಯುವವರು, ರಾತ್ರಿ ಕಾವಲು ಕಾಯುವವರು. ಇವರಿಗೆ ಬರಬೇಕಾದ ಕೂಲಿ ತಪ್ಪಿದಾಗ ಅದು ವಕೀಲರ ಶುಲ್ಕಕ್ಕೂ ಸಾಲದಷ್ಟು ಸಣ್ಣ ಮೊತ್ತವಾಗಿರುತ್ತದೆ. ಹಾಗಾಗಿ ಯಾರೂ ಕೇಳುವುದಿಲ್ಲ. ಆದರೆ ಒಬ್ಬೊಬ್ಬರಿಂದ ಇಷ್ಟಿಷ್ಟು ಉಳಿಸಿಕೊಂಡ ಮಾಲೀಕನ ಕೈಯಲ್ಲಿ ಅದು ದೊಡ್ಡ ಗಂಟೇ ಆಗಿರುತ್ತದೆ. ಕಾನೂನು ನೆರವು ಕಾರ್ಯಕ್ರಮ ಹುಟ್ಟುವುದು ಈ ಅಂತರದಲ್ಲಿ.

ಇದು ಇಂದಿನ ಮಾತಲ್ಲ. 1876ರಲ್ಲಿ ನ್ಯೂಯಾರ್ಕಿನಲ್ಲಿ ಜರ್ಮನ್ ವಲಸಿಗರಿಗಾಗಿ ಒಂದು ಸಂಘ ಶುರುವಾಯಿತು. ಹೊಸದಾಗಿ ಬಂದಿಳಿದ, ಭಾಷೆ ಬಾರದ ಜನರಿಗೆ ಕೂಲಿ ಕೊಡದೆ ಸತಾಯಿಸಿದವರ ಬೆನ್ನು ಹತ್ತುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಮುಂದೆ ಅದು ಯಾವ ದೇಶದವರೆಂದು ನೋಡದೆ ಬಡವರೆಲ್ಲರಿಗೂ ನೆರವಾಗುವ ಸಂಸ್ಥೆಯಾಗಿ ಬೆಳೆಯಿತು. ಅಂಥ ಕಾರ್ಯಕ್ರಮದ ಹೊಣೆ ಹೊರಲು ಹೊರಟಿರುವ ವಕೀಲರಿಗೆ, ಸಂಘದ ಕಾರ್ಯಕರ್ತರಿಗೆ, ಕಾನೂನು ಕಾಲೇಜಿನ ಅಧ್ಯಾಪಕರಿಗೆ ಈ ಬರಹ.

ಫಲಕ ಹಾಕುವ ಮೊದಲು ತಿರುಗಾಡಿ

ಜಾಗ ಹಿಡಿದು, ಫಲಕ ಹಾಕಿ, ಜನ ಬರಲಿ ಎಂದು ಕಾಯುವುದು ಸಾಮಾನ್ಯವಾಗಿ ಆಗುವ ಮೊದಲ ತಪ್ಪು. ಮೊದಲ ಎರಡು ಮೂರು ತಿಂಗಳು ಕೆಲಸಗಾರರು ಇರುವ ಕಡೆಗೆ ನೀವೇ ಹೋಗಿ. ಕೇಳಬೇಕಾದ ಪ್ರಶ್ನೆಗಳು ಸರಳ. ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ? ವಾರದ ರಜೆ ಯಾವತ್ತು? ಕೂಲಿಯನ್ನು ಕೈಗೆ ಕೊಡುವವರು ಯಾರು, ಮಾಲೀಕರೋ ಮೇಸ್ತ್ರಿಯೋ? ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ? ಕಷ್ಟ ಬಂದಾಗ ಮೊದಲು ಯಾರ ಬಳಿಗೆ ಓಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸಿಗುವ ಹೆಸರುಗಳನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ನಿಮ್ಮ ಕೇಂದ್ರಕ್ಕೆ ಜನರನ್ನು ಕರೆತರುವವರು ಅವರೇ.

ಕೇಂದ್ರದ ವೇಳೆಯನ್ನು ಈ ಉತ್ತರಗಳ ಮೇಲೆ ನಿಗದಿ ಮಾಡಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುವ ಕಚೇರಿ ವಕೀಲರಿಗೆ ಅನುಕೂಲ. ದಿನಗೂಲಿಯವರಿಗೆ ಅದು ಮುಚ್ಚಿದ ಬಾಗಿಲು. ಕಳೆದುಹೋದ ಕೂಲಿಯನ್ನು ಕೇಳಲು ಇನ್ನೊಂದು ದಿನದ ಕೂಲಿ ಕಳೆದುಕೊಳ್ಳಿ ಎಂದು ಹೇಳಿದಂತೆ ಅದು. ವಾರಕ್ಕೆ ಎರಡು ಸಂಜೆ ಮತ್ತು ಒಂದು ರಜಾದಿನವಾದರೂ ಬಾಗಿಲು ತೆರೆದಿರಲಿ. ಜಾಗ ಕಾರ್ಖಾನೆಯ ಗೇಟಿನಿಂದ ಕಾಣುವಂತಿರಬಾರದು, ಬಸ್ಸಿನಿಂದ ದೂರವೂ ಇರಬಾರದು.

ನೆರವು ಪೂರ್ತಿ ಉಚಿತವಾಗಿರಬೇಕು. ನೋಂದಣಿಗೆಂದು ಚಿಕ್ಕ ಶುಲ್ಕವನ್ನೂ ಇಡಬೇಡಿ. ಬ್ರಿಟನ್ 2013ರಲ್ಲಿ ಉದ್ಯೋಗ ನ್ಯಾಯಮಂಡಳಿಗಳಲ್ಲಿ ದೂರು ಕೊಡಲು ಶುಲ್ಕ ವಿಧಿಸಿತು. ದೂರುಗಳ ಸಂಖ್ಯೆ ಒಮ್ಮೆಗೇ ಕುಸಿಯಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಶುಲ್ಕವೇ ಕಾನೂನುಬಾಹಿರ ಎಂದಿತು. ಶುಲ್ಕ ಬಂದಾಗ ಮೊದಲು ಹಿಂದೆ ಸರಿಯುವುದು ಸಣ್ಣ ಮೊತ್ತದ ನ್ಯಾಯವಾದ ದೂರುಗಳೇ.

ಯಾವ ಪ್ರಕರಣ, ಯಾರ ಪರ?

ಎಲ್ಲವನ್ನೂ ಕೈಗೆತ್ತಿಕೊಳ್ಳಲು ಹೋದರೆ ಯಾವುದೂ ಮುಗಿಯುವುದಿಲ್ಲ. ಕೊಡದ ಕೂಲಿ, ಹೆಚ್ಚುವರಿ ದುಡಿಮೆಯ ಹಣ, ಅಕ್ರಮ ಕಡಿತ, ಏಕಾಏಕಿ ಕೆಲಸದಿಂದ ತೆಗೆಯುವುದು, ಕೆಲಸದಲ್ಲಿ ಆದ ಗಾಯ, ಲೈಂಗಿಕ ಕಿರುಕುಳ: ಇವುಗಳಲ್ಲಿ ನಿಮ್ಮ ತಂಡ ಯಾವುದನ್ನು ಚೆನ್ನಾಗಿ ನಡೆಸಬಲ್ಲದೋ ಅದನ್ನು ಬರೆದು ಗೋಡೆಗೆ ಅಂಟಿಸಿ. ಉಳಿದವನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಪಟ್ಟಿಯನ್ನೂ ಪಕ್ಕದಲ್ಲೇ ಇಡಿ. ಕಳುಹಿಸಿದ ಕಡೆ ಅವರು ತಲುಪಿದರೇ ಎಂದು ವಾರದೊಳಗೆ ಫೋನ್ ಮಾಡಿ ಕೇಳಿ.

ಹಿತಾಸಕ್ತಿಯ ಘರ್ಷಣೆ ಇಲ್ಲಿ ಅನಿರೀಕ್ಷಿತ ಕಡೆಯಿಂದ ಬರುತ್ತದೆ. ಮಾಲೀಕರ ಪರ ವಹಿಸುವುದಿಲ್ಲ ಎನ್ನುವುದು ಸುಲಭ. ಆದರೆ ಮೇಸ್ತ್ರಿಯೊಬ್ಬ ಹತ್ತು ಮಂದಿ ಕೂಲಿಗಳೊಂದಿಗೆ ಬಂದು, ಗುತ್ತಿಗೆದಾರ ನಮಗೆ ಯಾರಿಗೂ ಹಣ ಕೊಟ್ಟಿಲ್ಲ ಎನ್ನುತ್ತಾನೆ. ಅವನೂ ಮೋಸ ಹೋದವನೇ. ಹಾಗೆಯೇ ಆ ಹತ್ತು ಮಂದಿಗೆ ಕೂಲಿ ಕೊಡಬೇಕಾದವನೂ ಅವನೇ ಆಗಿರಬಹುದು. ಇಬ್ಬರ ಪರವಾಗಿಯೂ ಒಬ್ಬರೇ ವಕೀಲರು ನಿಲ್ಲಲಾಗದು. ಮೇಸ್ತ್ರಿಯನ್ನು ಗೌರವದಿಂದ ಹೊರಗೆ ಕೂರಿಸಿ, ಕೂಲಿಗಳೊಂದಿಗೆ ಪ್ರತ್ಯೇಕವಾಗಿ ಮಾತಾಡಿ. ಇದು ಕಷ್ಟದ ಕೆಲಸ, ತಪ್ಪಿಸಬೇಡಿ.

ಮೊದಲ ಮಾತುಕತೆ

ಕಾರ್ಯಕ್ರಮದ ಯೋಗ್ಯತೆ ಗೊತ್ತಾಗುವುದು ಇಲ್ಲಿ. ಒಬ್ಬ ಮಹಿಳೆ ಬಂದಿದ್ದಾರೆ ಎಂದುಕೊಳ್ಳಿ. ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿ ಮಡಿಸಿ ಹರಿಯುವಂತಾದ ಗುರುತಿನ ಚೀಟಿ, ಎರಡು ತಿಂಗಳ ಸಂಬಳದ ಚೀಟಿ, ಒಂದು ಮೊಬೈಲ್. ಅರ್ಜಿ ನಮೂನೆಯನ್ನು ಮುಂದಿಟ್ಟು ಹೆಸರು, ವಿಳಾಸ ಎಂದು ಶುರು ಮಾಡಿದರೆ ಅವರು ಕೇಳಿದ್ದಕ್ಕಷ್ಟೇ ಉತ್ತರಿಸಿ ಎದ್ದು ಹೋಗುತ್ತಾರೆ. ಬದಲಿಗೆ, ನೀವು ಹೇಳುವುದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ, ನೀವು ಒಪ್ಪದೆ ನಾವು ಒಂದು ಕಾಗದವನ್ನೂ ಕಳುಹಿಸುವುದಿಲ್ಲ ಎಂದು ಮೊದಲು ಹೇಳಿ. ಆಮೇಲೆ ಒಂದೇ ಪ್ರಶ್ನೆ: ನಿನ್ನೆ ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ರಾತ್ರಿ ಮರಳುವವರೆಗೆ ಏನೇನಾಯಿತು ಹೇಳಿ.

ಈ ಒಂದು ದಿನದ ಕಥೆಯಲ್ಲಿ ಎಲ್ಲವೂ ಬರುತ್ತದೆ. ಪಾಳಿಗೆ ಅರ್ಧ ಗಂಟೆ ಮೊದಲೇ ಬಂದು ಯಂತ್ರ ಒರೆಸಬೇಕು, ಅದಕ್ಕೆ ಹಾಜರಿ ಇಲ್ಲ. ಶೌಚಾಲಯಕ್ಕೆ ಹೋದರೆ ಮೇಲ್ವಿಚಾರಕರು ಬರೆದುಕೊಳ್ಳುತ್ತಾರೆ. ಸೂಜಿ ಮುರಿದರೆ ಸಂಬಳದಲ್ಲಿ ಕಡಿತ. ಕೆಲಸಕ್ಕೆ ಸೇರಿದ ದಿನ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಇವನ್ನು ಅವರು ದೂರು ಎಂದುಕೊಂಡಿರುವುದೇ ಇಲ್ಲ. ಬಂದದ್ದು ಬೇರೆ ಯಾವುದೋ ಕಾರಣಕ್ಕೆ. ಕೇಳುವ ಕಿವಿ ಇದ್ದರೆ ಒಂದು ದೂರಿನಲ್ಲಿ ನಾಲ್ಕು ಸಿಗುತ್ತವೆ.

ಅವರು ಎದ್ದು ಹೋಗುವ ಮುನ್ನ ಎರಡು ಕೆಲಸ ಆಗಲೇಬೇಕು. ದೂರು ಕೊಡಲು ಇರುವ ಕಾಲಮಿತಿ ಯಾವ ದಿನ ಮುಗಿಯುತ್ತದೆ ಎಂದು ಲೆಕ್ಕ ಹಾಕಿ ಕಡತದ ಹೊರಮೈ ಮೇಲೆ ಕೆಂಪು ಶಾಯಿಯಲ್ಲಿ ಬರೆಯಬೇಕು. ಮೂಲ ಕಾಗದಗಳ ಫೋಟೊ ತೆಗೆದುಕೊಂಡು ಮೂಲವನ್ನು ಅವರಿಗೇ ಹಿಂದಿರುಗಿಸಬೇಕು.

ಮಾಲೀಕ ಯಾರು?

ಗುತ್ತಿಗೆ, ಉಪಗುತ್ತಿಗೆ, ಆ್ಯಪ್ ಎಂದು ಪದರದ ಮೇಲೆ ಪದರ ಇರುವಾಗ ನೋಟಿಸ್ ಯಾರಿಗೆ ಎಂಬುದೇ ಅರ್ಧ ಜಗಳ. ಇವರು ನಮ್ಮ ನೌಕರರಲ್ಲ, ಸ್ವತಂತ್ರವಾಗಿ ದುಡಿಯುವವರು ಎಂಬ ಉತ್ತರ ಮೊದಲು ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಶಿಫಾರಸು ಇಲ್ಲಿ ಒಳ್ಳೆಯ ಕೈದೀವಿಗೆ. ಕಾಗದದಲ್ಲಿ ಏನೆಂದು ಕರೆದಿದ್ದಾರೆ ಎಂಬುದನ್ನಲ್ಲ, ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ಎನ್ನುತ್ತದೆ ಅದು. ಯಾರ ಆದೇಶದಂತೆ ಕೆಲಸ? ವೇಳೆ ನಿಗದಿ ಮಾಡುವವರು ಯಾರು? ಸಲಕರಣೆ ಯಾರದು? ಕೆಲಸಗಾರರ ಆದಾಯಕ್ಕೆ ಇದೊಂದೇ ಮೂಲವೇ? ಈ ಪ್ರಶ್ನೆಗಳನ್ನೇ ನಿಮ್ಮ ನಮೂನೆಯಲ್ಲಿ ಸೇರಿಸಿ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರನ್ನು ಕನಿಷ್ಠ ವೇತನ ಮತ್ತು ವೇತನಸಹಿತ ರಜೆಗೆ ಅರ್ಹರಾದ ಕೆಲಸಗಾರರೆಂದು ಒಪ್ಪಿದ್ದು, ದರ ನಿಗದಿಯಿಂದ ಹಿಡಿದು ಚಾಲಕರ ಮೇಲಿನ ಹಿಡಿತದವರೆಗೆ ನಿಜ ಸ್ಥಿತಿಯನ್ನು ನೋಡಿಯೇ.

ಒಂದು ನೋಟ್‌ಬುಕ್ ಮತ್ತು ಒಂದು ಲೆಕ್ಕ

ಹಾಜರಿ ಪುಸ್ತಕ ಮಾಲೀಕರ ಬಳಿ ಇರುತ್ತದೆ. ಹಾಗೆಂದು ಕೈಚೆಲ್ಲಬೇಕಿಲ್ಲ. 1946ರಲ್ಲಿ ಮಿಷಿಗನ್ನಿನ ಒಂದು ಕುಂಬಾರಿಕೆ ಕಾರ್ಖಾನೆಯ ಕೆಲಸಗಾರರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ದುಡಿಮೆಯ ಲೆಕ್ಕ ಇಡುವುದು ಮಾಲೀಕರ ಕರ್ತವ್ಯ. ಅವರು ಸರಿಯಾಗಿ ಇಟ್ಟಿಲ್ಲವಾದರೆ ಕೆಲಸಗಾರರು ನ್ಯಾಯವಾದ ಅಂದಾಜಿಗೆ ಆಧಾರ ತೋರಿಸಿದರೆ ಸಾಕು. ಅದು ತಪ್ಪೆಂದು ತೋರಿಸುವ ಹೊಣೆ ಮಾಲೀಕರದ್ದು. ಪ್ರತಿ ದೇಶದ ಸಾಕ್ಷ್ಯ ನಿಯಮ ಬೇರೆ, ಆದರೂ ಈ ತರ್ಕವನ್ನು ಯಾವ ನ್ಯಾಯಾಲಯದ ಮುಂದಾದರೂ ಇಡಬಹುದು.

ಆಧಾರ ಎಲ್ಲಿಂದ? ಬಸ್ ಟಿಕೆಟ್, ಮೇಲ್ವಿಚಾರಕರ ವಾಟ್ಸ್ಆ್ಯಪ್ ಸಂದೇಶ, ಗೇಟಿನ ಬಳಿ ತೆಗೆದ ಫೋಟೊದ ಮೇಲಿನ ವೇಳೆ, ಪಕ್ಕದಲ್ಲಿ ಕೂತು ದುಡಿದವರ ಹೇಳಿಕೆ. ಎಲ್ಲಕ್ಕಿಂತ ಮಿಗಿಲಾಗಿ, ಇಂದಿನಿಂದ ಬರೆದಿಡುವ ಒಂದು ಪುಟ್ಟ ನೋಟ್‌ಬುಕ್. ಬಂದವರೆಲ್ಲರ ಕೈಗೂ ಒಂದೊಂದು ಕೊಡಿ. ತಾರೀಖು, ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ, ಕೈಗೆ ಬಂದ ಹಣ: ನಾಲ್ಕೇ ಕಲಂ. ಓದು ಬಾರದವರಿಗೆ ಗಡಿಯಾರದ ಚಿತ್ರ ಅಚ್ಚು ಹಾಕಿಸಿ, ಮುಳ್ಳು ಎಳೆದರೆ ಸಾಕು.

ಲೆಕ್ಕವನ್ನು ಅವರ ಎದುರೇ ಹಾಕಿ. ಆ ಮಹಿಳೆ ದಿನಕ್ಕೆ ಹತ್ತೂವರೆ ಗಂಟೆ, ತಿಂಗಳಿಗೆ 26 ದಿನ ದುಡಿಯುತ್ತಾರೆ. ಎಂಟು ಗಂಟೆಯ ಕೂಲಿ ಮಾತ್ರ ಸಿಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡೂವರೆ ಗಂಟೆಯಂತೆ ತಿಂಗಳಿಗೆ 65 ಗಂಟೆ ಹೆಚ್ಚುವರಿ. ದಿನಕ್ಕೆ ಎಂಟು ಗಂಟೆ ಎಂಬ ಮಿತಿ ಹಾಕಿದ 1919ರ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ ಹೆಚ್ಚುವರಿ ದುಡಿಮೆಗೆ ಕನಿಷ್ಠ ಒಂದೂಕಾಲು ಪಟ್ಟು ದರ ಹೇಳುತ್ತದೆ; ಹಲವು ದೇಶಗಳಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಒಂದೂಕಾಲು ಪಟ್ಟೇ ಹಿಡಿದರೂ 81 ಗಂಟೆಗಿಂತ ಹೆಚ್ಚಿನ ಕೂಲಿ, ಅಂದರೆ ತಿಂಗಳಿಗೆ ಹತ್ತು ದಿನದ ದುಡಿಮೆ ಬಾಕಿ. ಆರು ತಿಂಗಳಿಗೆ ಎರಡು ತಿಂಗಳ ಸಂಬಳಕ್ಕೂ ಮೀರಿದ ಮೊತ್ತ. ಈ ಅಂಕಿಯನ್ನು ಹಾಳೆಯ ಕೆಳಗೆ ಬರೆದು ಗೆರೆ ಎಳೆದಾಗ, ಕುರ್ಚಿಯ ತುದಿಯಲ್ಲಿ ಕೂತಿದ್ದವರು ಹಿಂದಕ್ಕೆ ಸರಿದು ನೆಟ್ಟಗೆ ಕೂರುತ್ತಾರೆ.

ಕಡಿತಗಳ ಪಟ್ಟಿಯನ್ನು ಬೇರೆ ಮಾಡಿ. ಕೂಲಿಯ ರಕ್ಷಣೆಗಾಗಿ 1949ರಲ್ಲಿ ಬಂದ 95ನೆಯ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ, ಕೆಲಸ ಕೊಡಿಸಿದ್ದಕ್ಕೆ ಅಥವಾ ಉಳಿಸಿದ್ದಕ್ಕೆಂದು ಮಾಲೀಕರಿಗೋ ದಲ್ಲಾಳಿಗೋ ಹಣ ಸೇರುವಂತೆ ಸಂಬಳದಿಂದ ಮುರಿದುಕೊಳ್ಳುವುದನ್ನು ನಿಷೇಧಿಸುತ್ತದೆ. ಚೀಟಿ, ಕೂಪನ್ ರೂಪದಲ್ಲಿ ಕೂಲಿ ಕೊಡುವುದಕ್ಕೂ ತಡೆ ಇದೆ. ಹೆಂಡದಂಗಡಿಯಲ್ಲಿ ಕೂಲಿ ಬಟವಾಡೆ ಮಾಡಬಾರದೆಂದೂ ಅದರಲ್ಲಿ ಬರೆದಿದೆ. ಅದನ್ನು ಬರೆದವರಿಗೆ ಕೂಲಿಯ ಹಣ ಎಲ್ಲೆಲ್ಲಿ ಸೋರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಅವರೇ ಒಪ್ಪಿ ಬಂದರು ಎಂಬ ವಾದವೂ ಎದುರಾಗುತ್ತದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೆಲಸಗಾರರ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1982ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆಯೇ, ಏಕೆಂದರೆ ಹಸಿವು ಮತ್ತು ಬಡತನವೂ ಬಲವಂತವೇ.

ನೋಟಿಸ್ ಕಳುಹಿಸುವ ಮುನ್ನ

ನೋಟಿಸ್ ತಲುಪಿದ ಮರುದಿನ ಕೆಲಸ ಹೋಗಬಹುದು. ಈ ಭಯವನ್ನು ಹೆದರಬೇಡಿ ಎಂಬ ಒಂದು ಮಾತಿನಿಂದ ತಳ್ಳಿಹಾಕಬೇಡಿ. ನಷ್ಟ ಆಗುವುದು ನಿಮಗಲ್ಲ. ದೂರು ಕೊಟ್ಟದ್ದು ಕೆಲಸದಿಂದ ತೆಗೆಯಲು ನ್ಯಾಯವಾದ ಕಾರಣವಲ್ಲ ಎಂದು 1982ರ 158ನೆಯ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ ಹೇಳುತ್ತದೆ. ನಿಮ್ಮ ದೇಶದ ಕಾನೂನಿನಲ್ಲಿ ಅಂಥ ರಕ್ಷಣೆ ಎಷ್ಟಿದೆ, ಅದು ಎಷ್ಟು ಬೇಗ ಸಿಗುತ್ತದೆ ಎಂದು ಮುಂಚೆಯೇ ತಿಳಿದು, ಇದ್ದದ್ದನ್ನು ಇದ್ದಂತೆ ಹೇಳಿ. ಇಂದು ದೂರು ಕೊಡುವುದು, ಬೇರೆ ಕೆಲಸ ಸಿಕ್ಕ ಮೇಲೆ ಕೊಡುವುದು, ಹತ್ತು ಮಂದಿ ಸೇರಿ ಕೊಡುವುದು, ಕೊಡದೇ ಇರುವುದು: ಎಲ್ಲವನ್ನೂ ಮುಂದಿಡಿ. ತೀರ್ಮಾನ ಅವರದು. ಹೆಸರು ಹೊರಬರಬಾರದು ಎನ್ನುವವರಿಗಾಗಿ ಸಂಘದ ಮೂಲಕ ಕಾರ್ಮಿಕ ಇಲಾಖೆಯ ತಪಾಸಣೆ ಕೇಳುವ ದಾರಿಯೂ ಇರಬಹುದು.

ಗುಂಪಾಗಿ ಹೋಗುವುದು ನನ್ನ ದೃಷ್ಟಿಯಲ್ಲಿ ಸಾಧ್ಯವಿರುವಲ್ಲೆಲ್ಲ ಮೇಲು. ಒಬ್ಬರನ್ನು ಗುರಿಮಾಡುವುದು ಸುಲಭ. ಇಪ್ಪತ್ತು ಮಂದಿಯನ್ನು ಒಟ್ಟಿಗೆ ಹೊರಹಾಕಿದರೆ ಮರುದಿನದ ಕೆಲಸವೇ ನಿಲ್ಲುತ್ತದೆ. ಆದರೆ ರಾಜಿಯ ಮಾತು ಬಂದಾಗ ಪ್ರತಿಯೊಬ್ಬರ ಒಪ್ಪಿಗೆಯೂ ಬೇರೆ ಬೇರೆಯಾಗಿ, ಅವರ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಬೇಕು.

ತಂಡ

ಪ್ರತಿ ಮೇಜಿಗೂ ವಕೀಲರು ಬೇಕಿಲ್ಲ. ಹಿಂದೆ ಇಂಥದೇ ಕೂಲಿ ಕೆಲಸ ಮಾಡಿದವರನ್ನು ತರಬೇತಿ ಕೊಟ್ಟು, ವಕೀಲರಲ್ಲದೆಯೂ ಕಾನೂನು ನೆರವು ಕೊಡಬಲ್ಲ ಅರೆಕಾನೂನು ಕಾರ್ಯಕರ್ತರನ್ನಾಗಿ ಮಾಡಿ, ಅವರಿಗೆ ಸಂಬಳ ಕೊಡಿ. ಕೂಲಿಯ ಹಕ್ಕಿಗಾಗಿ ಹೋರಾಡುವ ಕೇಂದ್ರ ತನ್ನವರನ್ನು ಬಿಟ್ಟಿ ದುಡಿಸಬಾರದು. ವಾರಕ್ಕೊಮ್ಮೆ ಎಲ್ಲ ಕಡತಗಳನ್ನೂ ಮೇಜಿನ ಮೇಲೆ ಹರಡಿ, ಕೆಂಪು ಶಾಯಿಯ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಒಂದೇ ಗುತ್ತಿಗೆದಾರರ ಹೆಸರು ಮೂರು ಕಡತಗಳಲ್ಲಿ ಕಂಡರೆ, ಅದು ಮೂರು ಪ್ರಕರಣವಲ್ಲ, ಒಂದು ಪದ್ಧತಿ. ಅದನ್ನು ಹಿರಿಯ ವಕೀಲರ ಕೈಗೆ ಕೊಡಿ.

ದಾನಿಗಳಿಗೆ ವರದಿ ಬರೆಯುವಾಗ ಎಷ್ಟು ಮಂದಿಗೆ ಸಲಹೆ ಕೊಟ್ಟಿರಿ ಎಂಬ ಅಂಕಿಯ ಜೊತೆಗೆ ಎಷ್ಟು ಹಣ ಕೆಲಸಗಾರರ ಕೈಸೇರಿತು ಎಂಬುದೂ ಇರಲಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಮುಚ್ಚಿಡಬೇಡಿ.

ಆದೇಶ ಬಂದ ಮೇಲೆ

ಗೆದ್ದ ಮೇಲೂ ಹಣ ಬರದೆ ಇರುವುದೇ ಈ ಕೆಲಸದ ದೊಡ್ಡ ನೋವು. ಆದೇಶ ಬರುವಷ್ಟರಲ್ಲಿ ಗುತ್ತಿಗೆದಾರರು ಹೆಸರು ಬದಲಿಸಿ ಬೇರೆ ಕಡೆ ಫಲಕ ಹಾಕಿರುತ್ತಾರೆ. ಆದ್ದರಿಂದ ವಸೂಲಿಯ ಯೋಚನೆ ಮೊದಲ ದಿನದಿಂದಲೇ ಶುರುವಾಗಬೇಕು. ಕೂಲಿ ಕೊಟ್ಟ ಬ್ಯಾಂಕ್ ಯಾವುದು, ವಾಹನದ ಸಂಖ್ಯೆ ಏನು, ಮೇಲಿನ ಗುತ್ತಿಗೆ ಯಾರದು, ಅವರಿಗೆ ಬರಬೇಕಾದ ಬಿಲ್ ಯಾವ ಇಲಾಖೆಯಲ್ಲಿದೆ ಎಂಬುದನ್ನು ಕೆಲಸಗಾರರೇ ಬಲ್ಲರು; ಯಾರಾದರೂ ಕೇಳಬೇಕು ಅಷ್ಟೆ. ಮೇಲಿನ ಗುತ್ತಿಗೆದಾರರನ್ನೂ ಹೊಣೆ ಮಾಡುವ ಅವಕಾಶ ನಿಮ್ಮ ಕಾನೂನಿನಲ್ಲಿದ್ದರೆ ಅರ್ಜಿಯಲ್ಲೇ ಅವರ ಹೆಸರು ಸೇರಿಸಿ, ನಂತರಕ್ಕೆ ಬಿಡಬೇಡಿ.

ಹಣ ಬಂದ ದಿನ ಮೂಲ ಲೆಕ್ಕದ ಹಾಳೆಯನ್ನು ಹೊರತೆಗೆದು, ಬಂದದ್ದನ್ನೂ ಬಾಕಿ ಉಳಿದದ್ದನ್ನೂ ಅದರ ಕೆಳಗೆ ಅವರ ಎದುರೇ ಬರೆಯಿರಿ. ಮೂರು ತಿಂಗಳ ನಂತರ ಒಮ್ಮೆ ಫೋನ್ ಮಾಡಿ, ಕೆಲಸ ಇದೆಯೇ, ಈ ತಿಂಗಳ ಸಂಬಳ ಪೂರ್ತಿ ಬಂತೇ, ನೋಟ್‌ಬುಕ್ ಬರೆಯುತ್ತಿದ್ದೀರಾ ಎಂದು ಕೇಳಿ. ಆ ಉತ್ತರ ಕಡತಕ್ಕೆ ಸೇರಿದ ಮೇಲೆ ಅದನ್ನು ಕಪಾಟಿಗೆ ಇಡಬಹುದು.