‘ಆಕ್ಸಿಜೆನ್’ ಆಲ್ಬಮನ್ನು ಮೊದಲ ಸಲ ಕೇಳುವವರಿಗೆ

ಯಕ್ಷಗಾನದ ಹಿಮ್ಮೇಳ ಕೇಳಿ ಬೆಳೆದ ಕಾಸರಗೋಡಿನ ಕಿವಿಗೆ ಎಲೆಕ್ಟ್ರಾನಿಕ್ ಸಂಗೀತ ಹಿಡಿಸದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಚೆಂಡೆಯ ಅಬ್ಬರದ ಅಡಿಯಲ್ಲಿಯೂ ಮದ್ದಳೆಯ ನಡೆಯನ್ನು ತಪ್ಪದೆ ಹಿಡಿಯಬಲ್ಲವರಿಗೆ, ಪದರ ಪದರವಾಗಿ ಹೆಣೆದ ಸಂಗೀತವನ್ನು ಕೇಳುವ ಅರ್ಧ ವಿದ್ಯೆ ಆಗಲೇ ಬಂದಿರುತ್ತದೆ. ಉಳಿದ ಅರ್ಧವನ್ನು ಕಲಿಯಲು ಫ್ರಾನ್ಸಿನ ಜಾಂ ಮಿಷೆಲ್ ಜಾರ್ ಅವರು 1976ರಲ್ಲಿ ಹೊರತಂದ ‘ಆಕ್ಸಿಜೆನ್’ ಆಲ್ಬಮನ್ನೇ ನಾನು ಮೊದಲು ಸೂಚಿಸುತ್ತೇನೆ. ಅದರಲ್ಲಿ ಸಾಹಿತ್ಯವಿಲ್ಲದ್ದರಿಂದ ಭಾಷೆಯ ತೊಡಕಿಲ್ಲ. ಆರು ಭಾಗಗಳೂ ಸೇರಿ 40 ನಿಮಿಷದೊಳಗೆ ಮುಗಿಯುತ್ತವೆ.

ನಾನು ಇದನ್ನು ಮೊದಲು ಕೇಳಿದ್ದು ಅಡಕೆ ಸುಲಿಯುತ್ತ, ಫೋನಿನ ಸಣ್ಣ ಸ್ಪೀಕರಿನಲ್ಲಿ, ಭಾಗಗಳ ಕ್ರಮ ತಪ್ಪಿಸಿ. ಏನೂ ದಕ್ಕಲಿಲ್ಲ. ಫೋನಿನ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಬಹುತೇಕ ಕೇಳುವುದೇ ಇಲ್ಲ. ಎಡದಿಂದ ಬಲಕ್ಕೆ ಹರಿದಾಡುವ ನಾದಗಳು ಅಲ್ಲಿ ಒಂದೇ ಬಿಂದುವಿಗೆ ಕುಗ್ಗುತ್ತವೆ. ಆದ್ದರಿಂದ ಸಾಧಾರಣ ಬೆಲೆಯದಾದರೂ ಸರಿ, ಎರಡೂ ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಇರಲಿ. ಶಫಲ್ ಆಯ್ಕೆಯನ್ನು ನಿಲ್ಲಿಸಿ. ಭಾಗಗಳು ಒಂದರೊಳಗೊಂದು ಕರಗಿ ಸಾಗುವುದರಿಂದ ನಡುವೆ ಜಾಹೀರಾತು ಬಂದರೆ ಎಳೆ ತುಂಡಾಗುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಲೇಸು.

ಕಾಲದ ಆಯ್ಕೆಯೂ ಮುಖ್ಯ. ಆಟಿಯ ಮಳೆ ತಗಡಿನ ಮಾಡಿನ ಮೇಲೆ ಸುರಿಯುವ ರಾತ್ರಿ ಎಷ್ಟೇ ಚೆನ್ನಾಗಿದ್ದರೂ ಈ ಆಲ್ಬಮಿಗೆ ಹೊಂದುವುದಿಲ್ಲ, ಏಕೆಂದರೆ ಜಾರ್ ಬಳಸಿದ ಬಹುಮುಖ್ಯ ಸಾಮಗ್ರಿಗಳಲ್ಲಿ ಒಂದು ಮಳೆಯ ಮೊರೆತದಂಥದ್ದೇ ಸದ್ದು, ಮತ್ತು ಹೊರಗಿನ ಮಳೆ ಅದನ್ನು ನುಂಗಿಬಿಡುತ್ತದೆ. ಧನು ತಿಂಗಳ ನಿಶ್ಶಬ್ದ ರಾತ್ರಿ, ಊಟವಾದ ಮೇಲೆ, ದೀಪ ಆರಿಸಿ ಕುಳಿತುಕೊಳ್ಳಿ.

ಆ ಸದ್ದಿನ ಬಗೆಗೆ ಸ್ವಲ್ಪ ತಿಳಿದಿರಬೇಕು. ತಗ್ಗಿನಿಂದ ಎತ್ತರದವರೆಗಿನ ಎಲ್ಲ ಕಂಪನಗಳನ್ನೂ ಸಮ ಬಲದಲ್ಲಿ ಬೆರೆಸಿದರೆ ಯಾವ ಸ್ವರವೂ ಕೇಳದೆ ಬರಿಯ ‘ಸ್‌ಸ್‌’ ಎಂಬ ಮೊರೆತ ಕೇಳುತ್ತದೆ. ವಿದ್ಯುತ್ತಿನಿಂದ ನಾದ ಹೊರಡಿಸುವ ವಾದ್ಯವಾದ ಸಿಂಥಸೈಜರಿನಲ್ಲಿ ಇದನ್ನು ಹುಟ್ಟಿಸುವ ಭಾಗವೊಂದಿದೆ. ಅದಕ್ಕೆ ಫಿಲ್ಟರ್ ಎಂಬ ಬಾಗಿಲನ್ನು ಇಟ್ಟಿರುತ್ತಾರೆ. ಕೋಣೆಯೊಳಗೆ ರೇಡಿಯೋ ಹಾಡುತ್ತಿರುವಾಗ ಬಾಗಿಲು ಮುಚ್ಚಿದರೆ ಗುಂಯ್ ಎಂಬ ತಗ್ಗಿನ ನಾದವಷ್ಟೇ ಉಳಿಯುತ್ತದೆ, ತೆರೆಯುತ್ತ ಹೋದಂತೆ ಹರಿತವಾದ ಸದ್ದು ಹೊರಬರುತ್ತದೆ. ಫಿಲ್ಟರಿನ ಕೆಲಸ ಇಷ್ಟೇ. ಮೊರೆತದ ಮೇಲೆ ಈ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿದರೆ ಗಾಳಿ ಬೀಸುತ್ತದೆ, ಅಲೆ ಬಂದು ಹೋಗುತ್ತದೆ. ಹೀಗೆ ಇಲ್ಲಿ ರಾಗದಷ್ಟೇ, ಕೆಲವೆಡೆ ರಾಗಕ್ಕಿಂತಲೂ ಹೆಚ್ಚಾಗಿ, ನಾದದ ಬಣ್ಣ ಬದಲಾಗುವುದೇ ಸಂಗೀತ. ಈ ದೃಷ್ಟಿ ಜಾರ್ ಅವರಿಗೆ ದೊರೆತದ್ದು ಪ್ಯಾರಿಸಿನಲ್ಲಿ, ಪಿಯೆರ್ ಷೆಫೆರ್ ಕಟ್ಟಿದ ಸಂಶೋಧನಾ ಬಳಗದಲ್ಲಿ. 1948ರಲ್ಲಿಯೇ ರೈಲಿನ ಸದ್ದುಗಳನ್ನು ಧ್ವನಿಮುದ್ರಿಸಿ ಸಂಗೀತವಾಗಿ ಜೋಡಿಸಿದವರು ಷೆಫೆರ್.

ಮೊದಲ ಭಾಗದಲ್ಲಿ ಪಲ್ಲವಿಗಾಗಿ ಕಾಯಬೇಡಿ. ಹಿನ್ನೆಲೆಯಲ್ಲಿ ಸುಳಿಯುತ್ತಿರುವ, ಪಿಟೀಲುಗಳ ಸಮೂಹದಂಥ ನಾದವನ್ನು ಶ್ರುತಿಯಂತೆ ಹಿಡಿದುಕೊಳ್ಳಿ. ಅದು ನೆದರ್‌ಲ್ಯಾಂಡ್ಸಿನ ಎಮಿನೆಂಟ್ ಎಂಬ ಎಲೆಕ್ಟ್ರಾನಿಕ್ ಆರ್ಗನ್. ಫೇಸರ್ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಹಾಯಿಸಿದ್ದರಿಂದ ಅದು ತಿರುಗುತ್ತಿರುವಂತೆ ಕೇಳುತ್ತದೆ. ಮೂರನೆಯ ಭಾಗ ಚಿಕ್ಕದು. ಅದು ಮುಗಿದಾಗ ಒಂದು ನಿಮಿಷ ನಿಲ್ಲಿಸಿ. ಮೂಲ ಎಲ್‌ಪಿ ತಟ್ಟೆಯ ಮೊದಲ ಬದಿ ಅಲ್ಲಿಗೆ ಮುಗಿಯುತ್ತಿತ್ತು, ಎದ್ದು ಮಗುಚಿ ಹಾಕಬೇಕಿತ್ತು, ಆ ವಿರಾಮ ಕಿವಿಗೆ ಒಳ್ಳೆಯದು.

ನಾಲ್ಕನೆಯ ಭಾಗದ ರಾಗವನ್ನು ನೀವು ಎಲ್ಲಿಯೋ ಕೇಳಿರಬಹುದು. ಅದರ ತಾಳವನ್ನೂ ಗಮನಿಸಿ: ಕೋರ್ಗ್ ಕಂಪನಿಯ ಮಿನಿ ಪಾಪ್ಸ್ ಯಂತ್ರದಲ್ಲಿ ಸಿದ್ಧವಾಗಿದ್ದ ತಾಳಗಳ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು, ತಯಾರಕರು ಯೋಚಿಸಿರದ ಮಿಶ್ರಣವನ್ನು ಜಾರ್ ಹೊರಡಿಸಿದರು. ಐದನೆಯದು ಹತ್ತು ನಿಮಿಷಕ್ಕೂ ಉದ್ದ, ಆರಂಭ ಬಹಳ ನಿಧಾನ. ಮೊದಲ ಸಲ ಕೇಳುವವರು ಬೇಸತ್ತು ಏಳುವುದು ಇಲ್ಲಿಯೇ. ದಯವಿಟ್ಟು ಏಳಬೇಡಿ, ವಿಳಂಬದಲ್ಲಿ ಸಾಗಿದ ಪದ ದ್ರುತಕ್ಕೆ ಹೊರಳುವಂತೆ ಅದು ನಡುವಿನಲ್ಲಿ ವೇಗ ಪಡೆಯುತ್ತದೆ, ಆ ಹೊರಳುವಿಕೆಯ ಸುಖ ಕಾದವರಿಗೆ ಮಾತ್ರ ಸಿಗುವಂಥದ್ದು.

ಎರಡನೆಯ ಸಲ ಕೇಳುವಾಗ ಒಂದೇ ಪದರವನ್ನು ಆಯ್ದುಕೊಂಡು, ಉದಾಹರಣೆಗೆ ತಗ್ಗಿನ ಸ್ವರಗಳ ನಡೆಯನ್ನು ಮಾತ್ರ, ಕೊನೆಯವರೆಗೆ ಹಿಂಬಾಲಿಸಿ. ಎಂಟು ಟ್ರ್ಯಾಕಿನ, ಎಂದರೆ ಎಂಟು ಪದರಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲ, ಟೇಪ್ ಯಂತ್ರವನ್ನಿಟ್ಟುಕೊಂಡು ಮನೆಯಲ್ಲಿಯೇ ಧ್ವನಿಮುದ್ರಿಸಿದ ಕೃತಿ ಇದು. ಪದರಗಳು ಎಣಿಸಲಾಗದಷ್ಟೇನೂ ಇಲ್ಲ.

ಆರನೆಯ ಭಾಗದ ಅಲೆಗಳನ್ನು ಕೇಳಿದ ಮರುದಿನ ಸಂಜೆ ಮಂಜೇಶ್ವರದ ಕಣ್ವತೀರ್ಥಕ್ಕೋ ಕುಂಬಳೆಯ ಕಡಲ ಬದಿಗೋ ಇಯರ್‌ಫೋನ್ ಇಲ್ಲದೆ ಹೋಗಿ ಕುಳಿತುಕೊಳ್ಳಿ. ಅಲೆ ಒಡೆಯುವಾಗ ಸದ್ದು ಹೇಗೆ ಹರಿತವಾಗುತ್ತದೆ, ಮರಳಿನ ಮೇಲಿಂದ ಹಿಂದೆ ಸರಿಯುವಾಗ ಯಾವ ಭಾಗ ಮೊದಲು ಅಳಿಯುತ್ತದೆ ಎಂಬುದನ್ನು ಹತ್ತಾರು ಅಲೆಗಳವರೆಗೆ ಗಮನಿಸಿ, ಮನೆಗೆ ಬಂದು ಆ ಭಾಗವನ್ನು ಮತ್ತೊಮ್ಮೆ ಹಾಕಿ.