ಅರ್ಥ ಗೊತ್ತು, ವಾಕ್ಯ ಬರುವುದಿಲ್ಲ: ಇಂಗ್ಲಿಷ್ ಪದಗಳಿಗೆ ನೋಟ್‌ಬುಕ್ ಇಡುವುದು ಹೇಗೆ?

‘ನಿರಾಕರಿಸು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು? ಪಾಕೆಟ್ ನಿಘಂಟು ತೆರೆದರೆ ರಿಫ್ಯೂಸ್, ಡಿನೈ, ರಿಜೆಕ್ಟ್, ಡಿಕ್ಲೈನ್ ನಾಲ್ಕೂ ಸಾಲಾಗಿ ನಿಂತಿರುತ್ತವೆ. ಯಾವುದೋ ಒಂದನ್ನು ಎತ್ತಿಕೊಂಡರಾಯಿತು ಎನ್ನುವ ಹಾಗಿಲ್ಲ. ‘ಹಿ ರಿಫ್ಯೂಸ್ಡ್ ಟು ಟೇಕ್ ದ ಮನಿ’ ಎಂದರೆ ಕೊಡಲು ಬಂದ ಹಣವನ್ನು ಆತ ಮುಟ್ಟಲಿಲ್ಲ. ‘ಹಿ ಡಿನೈಡ್ ಟೇಕಿಂಗ್ ದ ಮನಿ’ ಎಂದರೆ ಹಣ ತಗೊಂಡ ಆರೋಪ ಅವನ ಮೇಲಿದೆ, ಆತ ಇಲ್ಲ ಎನ್ನುತ್ತಿದ್ದಾನೆ. ಮೊದಲನೆಯವನು ಪ್ರಾಮಾಣಿಕ, ಎರಡನೆಯವನದು ಇನ್ನೂ ವಿಚಾರಣೆಯಲ್ಲಿದೆ.

ಪದಕ್ಕೊಂದು ಕನ್ನಡ ಅರ್ಥ ಬರೆದು ಉರು ಹೊಡೆದವರು ಎಡವುವುದು ಇಲ್ಲೇ. ಓದುವಾಗ ಅಷ್ಟು ಸಾಕಾಗಬಹುದು. ಮಾತಾಡಲು, ಬರೆಯಲು ಕೂತಾಗ ಆ ಪದ ಯಾವ ಪದದ ಜೊತೆ ಬರುತ್ತದೆ ಎಂಬುದೂ ಬೇಕು. ಅದು ಉದಾಹರಣೆ ವಾಕ್ಯದಲ್ಲಿ ಸಿಗುತ್ತದೆ.

ಮೊದಲು ಸಾಮಾನು

200 ಪುಟದ ಗೆರೆ ಹಾಳೆಯ ನೋಟ್‌ಬುಕ್ ಒಂದು, ಎರಡು ಬಣ್ಣದ ಪೆನ್ನು, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಒಂದು. ಈ ಬಗೆಯ ನಿಘಂಟಿನಲ್ಲಿ ಅರ್ಥವನ್ನು ಸರಳ ಪದಗಳಲ್ಲೇ ಬರೆದಿರುತ್ತಾರೆ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2000 ಸಾಮಾನ್ಯ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಹೇಳುವ ಪದ್ಧತಿ ಹಾಕಿಕೊಂಡಿತು. ಈಗ ಲಾಂಗ್‌ಮನ್, ಆಕ್ಸ್‌ಫರ್ಡ್, ಕೇಂಬ್ರಿಜ್ ಮೂರರ ಕಲಿಕಾ ನಿಘಂಟುಗಳೂ ಇಂಟರ್‌ನೆಟ್‌ನಲ್ಲಿ ಉಚಿತ. ಉಚ್ಚಾರಣೆಯನ್ನೂ ಕೇಳಬಹುದು.

ಇಂಗ್ಲಿಷ್–ಕನ್ನಡ ನಿಘಂಟನ್ನು ಎಸೆಯಬೇಕಿಲ್ಲ. ಅದನ್ನು ಕೊನೆಯಲ್ಲಿ ತೆರೆಯಿರಿ, ಮೊದಲಲ್ಲ.

ಯಾವ ಪದ, ದಿನಕ್ಕೆ ಎಷ್ಟು?

ದಿನಕ್ಕೆ ಐದು ಪದ, ವಾರಕ್ಕೆ ಐದು ದಿನ. ಶನಿವಾರ, ಭಾನುವಾರ ಹೊಸ ಪದ ಬೇಡ, ಹಳೆಯದನ್ನೇ ತಿರುವಿ ಹಾಕಿ. ತಿಂಗಳಿಗೆ ನೂರು ಪದ ಆಗುತ್ತದೆ. ದಿನಕ್ಕೆ ಮೂವತ್ತು ಎಂದು ಹೊರಟವರ ನೋಟ್‌ಬುಕ್ ಸಾಮಾನ್ಯವಾಗಿ ನಾಲ್ಕನೇ ಪುಟಕ್ಕೇ ನಿಂತಿರುತ್ತದೆ.

ಪದಗಳನ್ನು ಪಟ್ಟಿಯಿಂದ ಹೆಕ್ಕಬೇಡಿ, ಓದಿದ್ದರಿಂದ ಹೆಕ್ಕಿ. ನೂರು ಪದದ ತುಂಡಿನಲ್ಲಿ ಗೊತ್ತಿಲ್ಲದ್ದು ಐದಕ್ಕಿಂತ ಹೆಚ್ಚಿದ್ದರೆ ಆ ಬರಹ ಸದ್ಯಕ್ಕೆ ನಿಮಗಲ್ಲ, ಸುಲಭದ್ದನ್ನು ಹುಡುಕಿ. ಒಂದೇ ಪದ ಎರಡನೇ ಸಲ ಎದುರಾದರೆ ಅದು ಬರೆದುಕೊಳ್ಳಲು ಯೋಗ್ಯ. ಅನುಮಾನವಿದ್ದರೆ ನಿಘಂಟಿನಲ್ಲಿ ಪದದ ಪಕ್ಕ ಎ1ರಿಂದ ಸಿ2ರವರೆಗಿನ ಗುರುತು ಇದೆಯೇ ನೋಡಿ. ಎ1 ತೀರಾ ಸಾಮಾನ್ಯ, ಸಿ2 ಕಠಿಣ. ಬಿ1, ಬಿ2 ಪದಗಳಲ್ಲೇ ಹೆಚ್ಚಿನವರಿಗೆ ಕೆಲಸ ಇರುವುದು.

ಒಂದು ಪದ, ಆರು ಸಾಲು

ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ.

ಪದ: ರಿಲಕ್ಟಂಟ್, ವಿಶೇಷಣ. ಒತ್ತು ‘ಲಕ್’ ಮೇಲೆ.
ಜೊತೆ: ರಿಲಕ್ಟಂಟ್ ಟು + ಕ್ರಿಯಾಪದ.
ಅರ್ಥ: ನಾಟ್ ವಾಂಟಿಂಗ್ ಟು ಡು ಸಮ್‌ಥಿಂಗ್.
ಕಂಡ ವಾಕ್ಯ: ಓದಿದಲ್ಲಿ ಇದ್ದದ್ದು, ಇದ್ದ ಹಾಗೆಯೇ.
ಸ್ವಂತ ವಾಕ್ಯ: ಮೈ ಗ್ರ್ಯಾಂಡ್‌ಮದರ್ ವಾಸ್ ರಿಲಕ್ಟಂಟ್ ಟು ಸೆಲ್ ದ ಕೌ, ಬಟ್ ವಿ ನೀಡೆಡ್ ದ ಮನಿ.
ಕನ್ನಡ: ಹಿಂದೇಟು ಹಾಕುವ.

ಒತ್ತು ಬೀಳುವ ಭಾಗಕ್ಕೆ ಎರಡನೇ ಬಣ್ಣದಲ್ಲಿ ಅಡಿಗೆರೆ ಎಳೆಯಿರಿ. ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ಅರ್ಧ ದಾರಿಯಷ್ಟೇ ತಲುಪಿಸುತ್ತದೆ. ಒದ್ದೆ ಎಂಬರ್ಥದ ‘ವೆಟ್’, ಪಶುವೈದ್ಯ ಎಂಬರ್ಥದ ‘ವೆಟ್’ ಎರಡೂ ನಮ್ಮ ಲಿಪಿಯಲ್ಲಿ ಒಂದೇ. ಕಿವಿಯಿಂದಲೇ ಕಲಿಯಬೇಕು.

ಅರ್ಥದ ಸಾಲಿನಲ್ಲಿ ನಿಘಂಟಿನದ್ದನ್ನು ಪೂರ್ತಿ ನಕಲು ಮಾಡಬೇಡಿ. ಓದಿ, ನಿಘಂಟು ಮುಚ್ಚಿ, ನಿಮಗೆ ಗೊತ್ತಿರುವ ಪದಗಳಲ್ಲೇ ಬರೆಯಿರಿ. ಒಂದೇ ಪದಕ್ಕೆ ಎಂಟು ಹತ್ತು ಅರ್ಥಗಳಿದ್ದರೆ ನಿಮಗೆ ಸಿಕ್ಕ ವಾಕ್ಯಕ್ಕೆ ಹೊಂದುವ ಒಂದನ್ನು ಮಾತ್ರ ತಗೊಳ್ಳಿ. ಉಳಿದವು ಎದುರಾದ ದಿನ ನೋಡಿಕೊಳ್ಳೋಣ. ನಾಮಪದವಾದರೆ ಎಣಿಸಬಹುದಾದದ್ದೋ ಅಲ್ಲವೋ ಎಂಬುದನ್ನೂ ನಿಘಂಟು ಹೇಳುತ್ತದೆ. ಅದನ್ನು ಬಿಟ್ಟವರೇ ‘ಅಡ್ವೈಸಸ್’, ‘ಫರ್ನಿಚರ್ಸ್’ ಎಂದು ಬರೆಯುವುದು.

ಸ್ವಂತ ವಾಕ್ಯದ ಪರೀಕ್ಷೆ

ಹೆಚ್ಚಿನವರು ಬರೆಯುವುದು ‘ಹಿ ಈಸ್ ರಿಲಕ್ಟಂಟ್’ ಎಂದು. ವ್ಯಾಕರಣ ಸರಿ, ಉಪಯೋಗ ಸೊನ್ನೆ. ಪದದ ಮೇಲೆ ಬೆರಳಿಟ್ಟು ಮುಚ್ಚಿ ನೋಡಿ: ಆ ಜಾಗದಲ್ಲಿ ಹ್ಯಾಪಿ, ಟಾಲ್, ಹಂಗ್ರಿ ಏನು ಬೇಕಾದರೂ ಕೂರುತ್ತದೆ. ಹಸು ಮಾರುವ ವಾಕ್ಯದಲ್ಲಿ ಹಾಗಾಗುವುದಿಲ್ಲ. ‘ಟು ಸೆಲ್’ ಇದೆ, ‘ಬಟ್’ ಇದೆ, ದುಡ್ಡಿನ ತಾಪತ್ರಯ ಇದೆ. ಮುಚ್ಚಿದರೂ ಅಜ್ಜಿಗೆ ಮನಸ್ಸಿರಲಿಲ್ಲ ಎಂಬುದು ತಿಳಿಯುತ್ತದೆ. ವಾಕ್ಯ ಹನ್ನೆರಡು ಹದಿನೈದು ಪದದೊಳಗಿರಲಿ. ನಿಮ್ಮ ಮನೆ, ಗದ್ದೆ, ಆಫೀಸು, ಬಸ್ ಸ್ಟ್ಯಾಂಡಿನದ್ದೇ ವಿಷಯವಿರಲಿ. ಲಂಡನ್ನಿನ ಹಿಮ ನಮ್ಮ ತಲೆಯಲ್ಲಿ ನಿಲ್ಲುವುದಿಲ್ಲ.

ವಾಕ್ಯ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ನಿಘಂಟಿನ ಉದಾಹರಣೆಗಳ ಪಕ್ಕ ಇಟ್ಟು ಅಚ್ಚು ಹೊಂದುತ್ತದೆಯೇ ನೋಡಿ. ‘ಹಿ ಅಡ್ವೈಸ್ಡ್ ಮಿ ಟು ಗೋ’ ಸರಿ. ಅದೇ ಅಚ್ಚಿನಲ್ಲಿ ‘ಹಿ ಸಜೆಸ್ಟೆಡ್ ಮಿ ಟು ಗೋ’ ಎಂದರೆ ತಪ್ಪು, ‘ಹಿ ಸಜೆಸ್ಟೆಡ್ ದಟ್ ಐ ಗೋ’ ಆಗಬೇಕು. ಕನ್ನಡದಲ್ಲಿ ಎರಡಕ್ಕೂ ‘ಹೋಗು ಅಂದ’ ಎಂದರೆ ಮುಗಿಯಿತು. ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

‘ಹಾಕು’ ಪುಟ

ನೋಟ್‌ಬುಕ್‌ನ ಹಿಂಬದಿಯಿಂದ ಇನ್ನೊಂದು ಲೆಕ್ಕ ಶುರುಮಾಡಿ: ಕನ್ನಡದ ಒಂದು ಕ್ರಿಯಾಪದ, ಇಂಗ್ಲಿಷಿನ ಹಲವು. ಅರ್ಜಿ ಹಾಕು ಎಂದರೆ ಅಪ್ಲೈ, ಸಹಿ ಹಾಕು ಸೈನ್, ಬೀಗ ಹಾಕು ಲಾಕ್, ಮತ ಹಾಕು ವೋಟ್, ಗಿಡಕ್ಕೆ ನೀರು ಹಾಕು ಎಂದರೆ ವಾಟರ್ ಎಂಬುದೇ ಕ್ರಿಯಾಪದ. ಎಲ್ಲ ಕಡೆ ‘ಪುಟ್’ ತುರುಕುವ ಚಾಳಿಗೆ ಈ ಪುಟವೇ ಮದ್ದು. ಹೊಡೆ, ಬೀಳು, ಹಿಡಿ ಒಂದೊಂದಕ್ಕೂ ಹೀಗೇ ಒಂದು ಪುಟ ಕೊಡಿ.

ಅಲ್ಲೇ ಕೆಳಗೆ, ಕನ್ನಡದಲ್ಲಿ ಆಗಲೇ ಸೇರಿಹೋದ ಇಂಗ್ಲಿಷ್ ಪದಗಳಿಗೂ ಜಾಗ ಇರಲಿ. ಗೊತ್ತು ಎಂದುಕೊಂಡ ಪದವನ್ನು ಯಾರೂ ನಿಘಂಟಿನಲ್ಲಿ ನೋಡುವುದಿಲ್ಲ. ನಮಗೆ ಹೋಟೆಲ್ ಎಂದರೆ ಇಡ್ಲಿ ವಡೆ ಸಿಗುವ ಜಾಗ, ಹೊರದೇಶದವರಿಗೆ ಉಳಿದುಕೊಳ್ಳುವ ಜಾಗ. ‘ಐ ಪಾಸ್ಡ್ ಔಟ್ ಇನ್ 2022’ ಎಂದು ಅಮೆರಿಕದ ಕಂಪನಿಯ ಸಂದರ್ಶನದಲ್ಲಿ ಹೇಳಿದರೆ, ಆ ವರ್ಷ ಮೂರ್ಛೆ ಬಿದ್ದಿರಿ ಎಂದುಕೊಂಡಾರು. ‘ಗ್ರ್ಯಾಜುಯೇಟೆಡ್’ ಎನ್ನಿ.

ಮರೆಯದಂತೆ ತಿರುವಿ ಹಾಕುವುದು

ಹೊಸದಾಗಿ ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಸೋರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಆದ್ದರಿಂದ ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ ಹೀಗೆ ನಾಲ್ಕು ಸಲ ನೋಡಿ. ಸುಮ್ಮನೆ ಓದಿದರೆ ಎಲ್ಲ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೊದಲ ನಾಲ್ಕು ಸಾಲನ್ನು ಕಾಗದದಿಂದ ಮುಚ್ಚಿ, ಸ್ವಂತ ವಾಕ್ಯದಲ್ಲಿ ಆ ಪದವಿದ್ದ ಜಾಗವನ್ನೂ ಮುಚ್ಚಿ, ಬಾಯಿಬಿಟ್ಟು ಹೇಳಿ. ಬಂದರೆ ಅಂಚಿನಲ್ಲಿ ಒಂದು ಚುಕ್ಕೆ. ಬರದಿದ್ದರೆ ಅಡ್ಡಗೆರೆ, ಮತ್ತೆ ಮರುದಿನದಿಂದ ಲೆಕ್ಕ. ನಾಲ್ಕು ಚುಕ್ಕೆ ಸತತವಾಗಿ ಬಿದ್ದ ಪದವನ್ನು ಬಿಟ್ಟುಬಿಡಬಹುದು.

ಬಾರೋ, ಲೆಂಡ್ ಮುಂತಾದ ಜೋಡಿಗಳನ್ನು ಮಾತ್ರ ಒಂದೇ ದಿನ ಬರೆಯಬೇಡಿ. ಎರಡೂ ಸಾಲದ ಪದಗಳೇ. ಕನ್ನಡದಲ್ಲಿ ಸಾಲ ‘ಕೊಡು’, ‘ತಗೋ’ ಎಂದು ದಿಕ್ಕು ತಿಳಿಯುತ್ತದೆ, ಇಂಗ್ಲಿಷಿನಲ್ಲಿ ಪದವೇ ಬೇರೆ: ಕೊಡುವುದು ಲೆಂಡ್, ತಗೊಳ್ಳುವುದು ಬಾರೋ. ಒಟ್ಟಿಗೆ ಕಲಿತರೆ ತಲೆಯಲ್ಲಿ ಅಂಟಿಕೊಂಡು ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ಹೊರಬರುತ್ತದೆ. ಲೆಂಡ್‌ಗೆ ನಾಲ್ಕು ಚುಕ್ಕೆ ಬಿದ್ದ ಮೇಲೆ ಬಾರೋ ತೆಗೆಯಿರಿ.